ನೇಮಕಾತಿಯಲ್ಲಿ ಕೃತಕ ಬುದ್ಧಿಮತ್ತೆ: ಕೈಬಿಟ್ಟ ಅರ್ಜಿಗಳನ್ನು ಓದುವವರು ಯಾರು?

ಮೈಸೂರಿನ ಹೆಬ್ಬಾಳ, ಹೂಟಗಳ್ಳಿ, ಕೂರ್ಗಳ್ಳಿಗಳಲ್ಲಾಗಲಿ, ನಂಜನಗೂಡು ದಾರಿಯ ತಾಂಡವಪುರದಲ್ಲಾಗಲಿ, ಮಂಡ್ಯದ ತೂಬಿನಕೆರೆ, ಮದ್ದೂರಿನ ಗೆಜ್ಜಲಗೆರೆಗಳಲ್ಲಾಗಲಿ, ಒಂದು ಸಾಧಾರಣ ಹುದ್ದೆಗೆ ಜಾಹೀರಾತು ಕೊಟ್ಟರೆ ಸಾಕು, ಅರ್ಜಿಗಳ ರಾಶಿ ಬೀಳುತ್ತದೆ. ಐಟಿಐ ಮುಗಿಸಿದವರು, ಡಿಪ್ಲೊಮಾದವರು, ಬಿ.ಇ. ಮುಗಿಸಿ ಕೆಲಸವಿಲ್ಲದೆ ಮನೆಯಲ್ಲಿರುವವರು, ಬೆಂಗಳೂರಿನ ಬಾಡಿಗೆ ಸಾಕಾಗಿ ಊರಿನ ಹತ್ತಿರ ಕೆಲಸ ಹುಡುಕುತ್ತಿರುವವರು, ಎಲ್ಲರೂ ಅದೇ ಹುದ್ದೆಗೆ ಅರ್ಜಿ ಹಾಕುತ್ತಾರೆ. ಅವನ್ನು ಓದಬೇಕಾದ ಹೆಚ್‌ಆರ್ ವಿಭಾಗದಲ್ಲಿ ಇರುವುದು ಇಬ್ಬರೋ ಮೂವರೋ. ಹಾಜರಿ, ಸಂಬಳ, ಪಿಎಫ್, ಇಎಸ್‌ಐ, ಗುತ್ತಿಗೆ ಕಾರ್ಮಿಕರ ಲೆಕ್ಕ ಎಲ್ಲವೂ ಅವರ ತಲೆಯ ಮೇಲೆಯೇ ಇದೆ. ಹೀಗಿರುವಾಗ ಅರ್ಜಿಗಳನ್ನು ತಾನೇ ಓದಿ, ಅಂಕ ಕೊಟ್ಟು, ಮೊದಲ ಇಪ್ಪತ್ತು ಹೆಸರುಗಳನ್ನು ಮುಂದಿಡುವ ತಂತ್ರಾಂಶವಿದೆ ಎಂದರೆ ಬೇಡವೆನ್ನುವುದು ಕಷ್ಟ. ಬೇಡವೆನ್ನಲೇಬೇಕು ಎಂದು ನಾನೂ ಹೇಳುವುದಿಲ್ಲ.

ಆದರೆ ಈ ತಂತ್ರಾಂಶಗಳ ತಪ್ಪುಗಳಿಗೆ ಒಂದು ವಿಚಿತ್ರ ಗುಣವಿದೆ. ಅರ್ಹತೆಯಿಲ್ಲದವರನ್ನು ಯಂತ್ರ ಆರಿಸಿದರೆ ಆ ತಪ್ಪು ಸಂದರ್ಶನದ ದಿನವೇ ಬಯಲಾಗುತ್ತದೆ, ಏಕೆಂದರೆ ಆ ವ್ಯಕ್ತಿ ನಮ್ಮೆದುರು ಬಂದು ಕುಳಿತಿರುತ್ತಾರೆ. ಅರ್ಹರನ್ನು ಯಂತ್ರ ಕೈಬಿಟ್ಟರೆ ಆ ತಪ್ಪು ಯಾರಿಗೂ ಗೊತ್ತಾಗುವುದೇ ಇಲ್ಲ. ಕಂಪನಿಗೆ ಅವರ ಮುಖ ಕಾಣುವುದಿಲ್ಲ. ಅವರಿಗೆ ಕಾರಣ ತಿಳಿಯುವುದಿಲ್ಲ. ತಂತ್ರಾಂಶ ಮಾರಿದವರಿಗೆ ದೂರು ಬರುವುದಿಲ್ಲ. ನೇಮಕಾತಿಯಲ್ಲಿ ಕೃತಕ ಬುದ್ಧಿಮತ್ತೆಯನ್ನು ಹೊಣೆಯರಿತು ಬಳಸುವುದು ಎಂದರೆ ಏನು ಎಂಬ ಪ್ರಶ್ನೆಗೆ ಬರುವ ಉತ್ತರಗಳೆಲ್ಲ ಕಡೆಗೆ ಇಲ್ಲಿಗೇ ಬಂದು ನಿಲ್ಲುತ್ತವೆ ಎಂಬುದು ನನ್ನ ಖಚಿತ ಅಭಿಪ್ರಾಯ: ಕೈಬಿಟ್ಟವರ ರಾಶಿ ಕಣ್ಣಿಗೆ ಬೀಳುವಂತೆ ಮಾಡಿಕೊಳ್ಳುವುದು ಹೇಗೆ?

ಯಂತ್ರ ನಿಜವಾಗಿ ಮಾಡುವ ಕೆಲಸ

ಕೃತಕ ಬುದ್ಧಿಮತ್ತೆ ಎಂಬ ಒಂದೇ ಹೆಸರಿನ ಅಡಿಯಲ್ಲಿ ನೇಮಕಾತಿ ತಂತ್ರಾಂಶಗಳು ಬೇರೆ ಬೇರೆ ಕೆಲಸ ಮಾಡುತ್ತವೆ, ಮತ್ತು ಪ್ರತಿಯೊಂದರ ಅಪಾಯವೂ ಬೇರೆ. ಅತ್ಯಂತ ಸರಳವಾದದ್ದು ನಿಯಮದ ಶೋಧನೆ: ಶೇಕಡಾ 60ಕ್ಕಿಂತ ಕಡಿಮೆ ಅಂಕ ಬಂದವರನ್ನು ಬಿಡು, ಮೂರು ವರ್ಷದ ಅನುಭವ ಇಲ್ಲದವರನ್ನು ಬಿಡು ಎಂಬಂಥವು. ಇದರಲ್ಲಿ ಬುದ್ಧಿಮತ್ತೆ ಏನೂ ಇಲ್ಲ, ಆದರೆ ಹಾನಿ ಮಾಡುವ ಶಕ್ತಿ ಧಾರಾಳವಾಗಿದೆ. ಅಮೆರಿಕದಲ್ಲಿ ಐಟ್ಯೂಟರ್‌ಗ್ರೂಪ್ ಎಂಬ ಆನ್‌ಲೈನ್ ಬೋಧನಾ ಸಂಸ್ಥೆಯ ತಂತ್ರಾಂಶವು 55 ದಾಟಿದ ಮಹಿಳೆಯರ ಮತ್ತು 60 ದಾಟಿದ ಪುರುಷರ ಅರ್ಜಿಗಳನ್ನು ತಾನಾಗಿಯೇ ತಿರಸ್ಕರಿಸುತ್ತಿತ್ತು ಎಂಬುದು ಅಲ್ಲಿನ ಸಮಾನ ಉದ್ಯೋಗಾವಕಾಶ ಆಯೋಗ ಹೂಡಿದ ದಾವೆಯ ಆರೋಪ. ಹೀಗೆ ಹೊರಗುಳಿದವರು 200ಕ್ಕೂ ಹೆಚ್ಚು. 2023ರಲ್ಲಿ ಸಂಸ್ಥೆ 3,65,000 ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು. ಆ ದಾವೆ ಹುಟ್ಟಿದ ರೀತಿ ಗಮನಿಸಬೇಕಾದದ್ದು: ತಿರಸ್ಕೃತರಾದ ಅಭ್ಯರ್ಥಿಯೊಬ್ಬರು ಅದೇ ಅರ್ಜಿಯಲ್ಲಿ ಹುಟ್ಟಿದ ದಿನಾಂಕವನ್ನು ಮಾತ್ರ ಬದಲಿಸಿ ಮತ್ತೆ ಕಳಿಸಿದಾಗ ಸಂದರ್ಶನಕ್ಕೆ ಕರೆ ಬಂತು. ಅವರು ಹಾಗೆ ಮಾಡದೇ ಹೋಗಿದ್ದರೆ ಆ ನಿಯಮ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ.

ಎರಡನೆಯ ಕೆಲಸ ರೆಸ್ಯೂಮೆಯನ್ನು ಬಿಡಿಸಿ ಓದುವುದು ಮತ್ತು ಹುದ್ದೆಯ ವಿವರದೊಂದಿಗೆ ತಾಳೆ ನೋಡುವುದು. ಮೂರನೆಯದು ಕಲಿತ ಊಹೆ: ಕಂಪನಿಯ ಹಳೆಯ ನೇಮಕಾತಿಗಳ ದಾಖಲೆಯನ್ನು ಯಂತ್ರಕ್ಕೆ ಕೊಟ್ಟು, ಈ ಹಿಂದೆ ಆಯ್ಕೆಯಾದವರನ್ನು ಹೋಲುವವರಿಗೆ ಹೆಚ್ಚು ಅಂಕ ಕೊಡುವಂತೆ ತರಬೇತಿ ಮಾಡುವುದು. ಇವುಗಳ ಜೊತೆಗೆ ಈಚೆಗೆ ಚಾಟ್‌ಜಿಪಿಟಿಯಂಥ ದೊಡ್ಡ ಭಾಷಾ ಮಾದರಿಗಳು ಬಂದಿವೆ. ರೆಸ್ಯೂಮೆಯನ್ನೂ ಹುದ್ದೆಯ ವಿವರವನ್ನೂ ಒಟ್ಟಿಗೆ ಕೊಟ್ಟು, ಇವರು ಎಷ್ಟು ಹೊಂದುತ್ತಾರೆ ಹೇಳು ಎಂದರೆ ಅವು ಸೊಗಸಾದ ವಾಕ್ಯಗಳಲ್ಲಿ ಕಾರಣ ಸಮೇತ ಉತ್ತರ ಕೊಡುತ್ತವೆ. ಸೊಗಸಾದ ವಾಕ್ಯವನ್ನು ನಂಬುವುದು ಮನುಷ್ಯ ಸ್ವಭಾವ. ಆದರೆ ಅದೇ ರೆಸ್ಯೂಮೆಯನ್ನು ಮತ್ತೊಮ್ಮೆ ಕೊಟ್ಟರೆ ಅಂಕ ಬದಲಾಗಬಹುದು, ಕಾರಣವೂ ಬದಲಾಗಬಹುದು. ಅದು ಬರೆದ ಕಾರಣವೇ ಆ ಅಂಕಕ್ಕೆ ನಿಜವಾದ ಕಾರಣ ಎನ್ನಲು ಯಾವ ಖಾತರಿಯೂ ಇಲ್ಲ.

ಓದುವುದರಲ್ಲೇ ಆಗುವ ಎಡವಟ್ಟು

ಪಕ್ಷಪಾತದ ಚರ್ಚೆಗೆ ಹೋಗುವ ಮೊದಲು, ಯಂತ್ರ ನಮ್ಮ ಜನರ ರೆಸ್ಯೂಮೆಯನ್ನು ಸರಿಯಾಗಿ ಓದುತ್ತದೆಯೇ ಎಂದು ನೋಡಬೇಕು. ಈ ಹಂತವನ್ನು ಎಲ್ಲರೂ ದಾಟಿಬಿಡುತ್ತಾರೆ. ನನಗೆ ಇದೇ ಮುಖ್ಯವಾಗಿ ಕಾಣುತ್ತದೆ.

ಹಳೇ ಮೈಸೂರು ಸೀಮೆಯ ಹೆಸರುಗಳನ್ನೇ ತೆಗೆದುಕೊಳ್ಳಿ. ಹಲಗೂರಿನ ಒಬ್ಬ ಹುಡುಗಿಯ ಹೆಸರು ಎಚ್.ಎನ್. ಸುಮಾ ಎಂದು ಇಟ್ಟುಕೊಳ್ಳೋಣ. ಎಚ್ ಎಂದರೆ ಊರು, ಎನ್ ಎಂದರೆ ತಂದೆಯ ಹೆಸರು; ಮನೆತನದ ಹೆಸರು ಎಂಬುದು ಇಲ್ಲವೇ ಇಲ್ಲ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್ ಹೆಸರಿನ ಹಿಂದಿರುತ್ತದೆ, ಡಿಪ್ಲೊಮಾ ಪ್ರಮಾಣಪತ್ರದಲ್ಲಿ ಮುಂದಿರುತ್ತದೆ, ಆಧಾರ್‌ನಲ್ಲಿ ತಂದೆಯ ಹೆಸರು ಪೂರ್ತಿಯಾಗಿ ಸೇರಿಕೊಂಡಿರುತ್ತದೆ. ಮೊದಲ ಹೆಸರು, ಕೊನೆಯ ಹೆಸರು ಎಂಬ ಎರಡು ಖಾನೆಗಳನ್ನು ಕಡ್ಡಾಯವಾಗಿ ಕೇಳುವ ತಂತ್ರಾಂಶಕ್ಕೆ ಇದು ಮೂವರು ಬೇರೆ ಬೇರೆ ವ್ಯಕ್ತಿಗಳಂತೆ ಕಾಣಬಹುದು, ಇಲ್ಲವೇ ಹಿನ್ನೆಲೆ ಪರಿಶೀಲನೆಯಲ್ಲಿ ದಾಖಲೆಗಳು ತಾಳೆಯಾಗುತ್ತಿಲ್ಲ ಎಂಬ ಕೆಂಪು ಗುರುತು ಬೀಳಬಹುದು. ಪಡುವಣದ ಹೆಸರುಗಳನ್ನು ಮನಸ್ಸಿನಲ್ಲಿಟ್ಟು ಮಾಡಿದ ಖಾನೆಗಳಿಗೆ ಸುಮಾ ಹೊಂದದಿರುವುದು ಸುಮಾಳ ದೋಷವಲ್ಲ.

ಊರಿನ ಹೆಸರೂ ಹಾಗೆಯೇ. 2014ರ ನವೆಂಬರ್ 1ರಿಂದ ಇಂಗ್ಲಿಷಿನಲ್ಲೂ ಮೈಸೂರು ಎಂದೇ ಬರೆಯಬೇಕೆಂದು ಅಧಿಕೃತವಾಗಿದ್ದರೂ ಹಳೆಯ ಪ್ರಮಾಣಪತ್ರಗಳಲ್ಲಿ, ವಿಶ್ವವಿದ್ಯಾಲಯದ ಹೆಸರಿನಲ್ಲಿ ಮೈಸೋರ್ ಎಂದೇ ಇದೆ. ಪದವನ್ನು ಅಕ್ಷರಶಃ ಹುಡುಕುವ ಶೋಧನೆಗೆ ಇವೆರಡೂ ಬೇರೆ ಊರುಗಳು. ಕನ್ನಡದಲ್ಲಿ ಟೈಪ್ ಮಾಡಿದ ಬಯೋಡೇಟಾಗಳ ಪಾಡು ಇನ್ನೂ ಕಷ್ಟ: ನುಡಿ, ಬರಹ ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೆಯ ಆಸ್ಕಿ ಫಾಂಟ್‌ಗಳಲ್ಲಿ ಬರೆದ ಕಡತವು, ಯುನಿಕೋಡ್ ಎಂಬ ಈಗಿನ ಅಕ್ಷರ ಸಂಕೇತ ಪದ್ಧತಿಯನ್ನು ಮಾತ್ರ ಬಲ್ಲ ಯಂತ್ರಕ್ಕೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲಾಗಿ ಕಾಣುತ್ತದೆ. ಸೈಬರ್ ಸೆಂಟರ್‌ನಲ್ಲಿ ಸ್ಕ್ಯಾನ್ ಮಾಡಿಸಿ ಕಳಿಸಿದ ಹಾಳೆಯಾದರೆ ಅದು ಬರೀ ಚಿತ್ರ; ಅಕ್ಷರ ಗುರುತಿಸುವ ಸೌಲಭ್ಯವಿಲ್ಲದ ತಂತ್ರಾಂಶಕ್ಕೆ ಅದು ಖಾಲಿ ರೆಸ್ಯೂಮೆ. ಖಾಲಿ ರೆಸ್ಯೂಮೆಗೆ ಯಂತ್ರ ಸೊನ್ನೆ ಅಂಕ ಕೊಟ್ಟು ಮುಂದಕ್ಕೆ ಹೋಗುತ್ತದೆ, ಓದಲಾಗಲಿಲ್ಲ ಎಂದು ಹೇಳುವುದಿಲ್ಲ. ಓದಲಾಗದ್ದು ಮತ್ತು ಅರ್ಹವಲ್ಲದ್ದು ಇವೆರಡನ್ನೂ ಬೇರೆ ಬೇರೆ ರಾಶಿಗೆ ಹಾಕುವ ವ್ಯವಸ್ಥೆ ಇದೆಯೇ ಎಂಬುದು ತಂತ್ರಾಂಶ ಮಾರಲು ಬಂದವರಿಗೆ ಕೇಳಬೇಕಾದ ಮೊದಲ ಪ್ರಶ್ನೆ.

ಕಾರ್ಖಾನೆಯ ಹುದ್ದೆಗಳಲ್ಲಿ ಇನ್ನೊಂದು ತೊಡಕಿದೆ. ಜಾಹೀರಾತಿನಲ್ಲಿ ಸಿಎನ್‌ಸಿ ಆಪರೇಟರ್, ಅಂದರೆ ಕಂಪ್ಯೂಟರ್ ನಿಯಂತ್ರಿತ ಯಂತ್ರ ನಡೆಸುವವರು, ಬೇಕು ಎಂದಿರುತ್ತದೆ. ಐಟಿಐನಲ್ಲಿ ಟರ್ನರ್ ಅಥವಾ ಮೆಷಿನಿಸ್ಟ್ ಟ್ರೇಡ್ ಮುಗಿಸಿ, ಆ ಯಂತ್ರದ ಮೇಲೆಯೇ ಅಪ್ರೆಂಟಿಸ್ ಆಗಿ ಕೆಲಸ ಕಲಿತ ಹುಡುಗನ ಬಯೋಡೇಟಾದಲ್ಲಿ ಟರ್ನರ್ ಎಂಬ ಪದ ಮಾತ್ರ ಇರುತ್ತದೆ. ಪ್ರೊಡಕ್ಷನ್ ಸೂಪರ್‌ವೈಸರ್ ಅದನ್ನು ನೋಡಿದ್ದರೆ ಕೂಡಲೇ ಕರೆಯುತ್ತಿದ್ದರು, ತಂತ್ರಾಂಶ ಕರೆಯಲಿಲ್ಲ. ಹುದ್ದೆಯ ವಿವರವನ್ನು ಹೆಚ್‌ಆರ್ ಒಬ್ಬರೇ ಕುಳಿತು ಬರೆಯದೆ ಶಾಪ್ ಫ್ಲೋರಿನವರನ್ನು ಕೂರಿಸಿಕೊಂಡು ಬರೆದರೆ ಈ ತಪ್ಪಿನ ದೊಡ್ಡ ಪಾಲು ತಂತ್ರಾಂಶದವರೆಗೆ ಹೋಗುವುದೇ ಇಲ್ಲ.

ಹಳೆಯ ಆಯ್ಕೆಗಳಿಂದ ಕಲಿತ ಯಂತ್ರ

ಅಮೆಜಾನ್ ಕಂಪನಿ 2014ರಿಂದ ರೆಸ್ಯೂಮೆಗಳಿಗೆ ಅಂಕ ಕೊಡುವ ಪ್ರಾಯೋಗಿಕ ತಂತ್ರಾಂಶವೊಂದನ್ನು ಕಟ್ಟಿತ್ತು. ಹತ್ತು ವರ್ಷಗಳಲ್ಲಿ ಕಂಪನಿಗೆ ಬಂದ ಅರ್ಜಿಗಳೇ ಅದರ ಪಾಠ. ಆ ಅರ್ಜಿಗಳಲ್ಲಿ ಹೆಚ್ಚಿನವು ಗಂಡಸರವು. ಯಂತ್ರ ಕಲಿತದ್ದು ಏನೆಂದರೆ, ರೆಸ್ಯೂಮೆಯಲ್ಲಿ ಮಹಿಳೆಯರ ಎಂಬ ಪದ ಕಂಡರೆ, ಉದಾಹರಣೆಗೆ ಮಹಿಳೆಯರ ಚೆಸ್ ಕ್ಲಬ್‌ನ ನಾಯಕಿ ಎಂದಿದ್ದರೆ, ಅಂಕ ಕಳೆಯಬೇಕು. ಎರಡು ಮಹಿಳಾ ಕಾಲೇಜುಗಳ ಪದವೀಧರರಿಗೂ ಅದು ಅಂಕ ಕಳೆಯುತ್ತಿತ್ತು. ತಿದ್ದಲು ಪ್ರಯತ್ನಿಸಿದರೂ ಇನ್ನಾವ ರೀತಿಯಲ್ಲೂ ಪಕ್ಷಪಾತ ಮಾಡದು ಎಂಬ ಭರವಸೆ ಸಿಗದೆ ಆ ಯೋಜನೆಯನ್ನು ಕೈಬಿಡಲಾಯಿತು ಎಂದು 2018ರ ಅಕ್ಟೋಬರ್‌ನಲ್ಲಿ ರಾಯಿಟರ್ಸ್ ವರದಿ ಮಾಡಿತು. ಹೆಣ್ಣು ಎಂಬ ಖಾನೆಯನ್ನು ಆ ಯಂತ್ರಕ್ಕೆ ಯಾರೂ ಕೊಟ್ಟಿರಲಿಲ್ಲ. ಬೇರೆ ಪದಗಳ ಮೂಲಕ ಅದು ತಾನೇ ಕಂಡುಕೊಂಡಿತು.

ಇದನ್ನು ಮೈಸೂರಿಗೆ ತಂದು ನೋಡಿ. ನಮ್ಮಲ್ಲಿ ಮಹಾರಾಣಿ ಕಾಲೇಜಿನ ಹೆಸರು ರೆಸ್ಯೂಮೆಯಲ್ಲಿದ್ದರೆ ಅರ್ಜಿದಾರರು ಹೆಣ್ಣು ಎಂದು ಬೇರೆ ಹೇಳಬೇಕಾಗಿಲ್ಲ. ಲಿಂಗ, ಜಾತಿ, ಧರ್ಮದ ಖಾನೆಗಳನ್ನು ತೆಗೆದುಹಾಕಿದ್ದೇವೆ, ಆದ್ದರಿಂದ ನಮ್ಮ ತಂತ್ರಾಂಶ ನಿಷ್ಪಕ್ಷಪಾತ ಎಂದು ಮಾರಾಟಗಾರರು ಹೇಳಿದಾಗ ಅದನ್ನು ಉತ್ತರವೆಂದು ಒಪ್ಪಬಾರದು. ಹೆಸರು, ಕಾಲೇಜು, ಪಿನ್‌ಕೋಡ್, ಓದಿದ ಮಾಧ್ಯಮ, ಹಾಸ್ಟೆಲಿನ ವಿಳಾಸ, ಕೆಲಸದ ನಡುವೆ ಬಿಟ್ಟ ವರ್ಷಗಳು, ಇವೆಲ್ಲವೂ ತೆಗೆದುಹಾಕಿದ ಖಾನೆಯ ಜಾಗದಲ್ಲಿ ಮಾತಾಡುತ್ತವೆ. ವಿದ್ಯಾರ್ಥಿನಿಲಯದ ಹೆಸರೊಂದೇ ಅರ್ಜಿದಾರರ ಜಾತಿಯನ್ನು ಹೇಳಿಬಿಡುವಂಥ ನಾಡು ನಮ್ಮದು. ಹೆರಿಗೆ, ಮಗುವಿನ ಆರೈಕೆ, ಹಿರಿಯರ ಕಾಯಿಲೆ ಎಂದು ಎರಡು ವರ್ಷ ಮನೆಯಲ್ಲಿದ್ದು ಮತ್ತೆ ಕೆಲಸಕ್ಕೆ ಬರಬಯಸುವ ಹೆಣ್ಣುಮಕ್ಕಳನ್ನು, ಆರು ತಿಂಗಳಿಗಿಂತ ಹೆಚ್ಚು ಬಿಡುವಿದ್ದರೆ ಬಿಡು ಎಂಬ ಒಂದೇ ಸಾಲಿನ ನಿಯಮ ಸದ್ದಿಲ್ಲದೆ ಹೊರಗಿಡುತ್ತದೆ. ಆ ನಿಯಮ ಬರೆದವರಿಗೆ ಅಂಥ ಉದ್ದೇಶ ಇಲ್ಲದಿರಬಹುದು, ಆದರೆ ಪರಿಣಾಮಕ್ಕೆ ಉದ್ದೇಶ ಬೇಕಾಗಿಲ್ಲ.

ಮನುಷ್ಯರು ಓದಿದರೆ ಎಲ್ಲವೂ ಸರಿಯಾಗಿರುತ್ತದೆ ಎಂದು ಇದರರ್ಥವಲ್ಲ. ಸುಖದೇವ್ ಥೋರಟ್ ಮತ್ತು ಪಾಲ್ ಅಟ್‌ವೆಲ್ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಭಾರತದ ಪತ್ರಿಕೆಗಳಲ್ಲಿ ಬಂದ ಖಾಸಗಿ ಕಂಪನಿಗಳ ಜಾಹೀರಾತುಗಳಿಗೆ ಸಮಾನ ಅರ್ಹತೆಯ ಅರ್ಜಿಗಳನ್ನು ಹೆಸರು ಮಾತ್ರ ಬೇರೆ ಮಾಡಿ ಕಳಿಸಲಾಗಿತ್ತು. ಮೇಲ್ಜಾತಿಯ ಹಿಂದೂ ಹೆಸರುಗಳಿಗೆ ಹೋಲಿಸಿದರೆ ದಲಿತ ಮತ್ತು ಮುಸ್ಲಿಂ ಹೆಸರುಗಳ ಅರ್ಜಿಗಳಿಗೆ ಕರೆ ಬರುವ ಸಾಧ್ಯತೆ ಕಡಿಮೆಯಾಗಿತ್ತು. ಆಗ ಓದಿದವರು ಮನುಷ್ಯರೇ. ಅವರ ನಿರ್ಧಾರಗಳೇ ಇಂದಿನ ಯಂತ್ರಕ್ಕೆ ಪಾಠವಾದರೆ ಹಳೆಯ ಅನ್ಯಾಯಕ್ಕೆ ವೇಗವೂ ಲೆಕ್ಕಾಚಾರದ ಗೌರವವೂ ಸೇರಿಕೊಳ್ಳುತ್ತವೆ. ದೊಡ್ಡ ಭಾಷಾ ಮಾದರಿಗಳು ಇದಕ್ಕೆ ಹೊರತಲ್ಲ: ವಾಷಿಂಗ್ಟನ್ ವಿಶ್ವವಿದ್ಯಾಲಯದ ಸಂಶೋಧಕರು 2024ರಲ್ಲಿ ಮೂರು ಮಾದರಿಗಳಿಗೆ ಹೆಸರು ಬದಲಿಸಿದ ರೆಸ್ಯೂಮೆಗಳನ್ನು ಕೊಟ್ಟು ನೋಡಿದಾಗ ಬಿಳಿಯರ ಹೆಸರುಗಳಿಗೆ ಶೇಕಡಾ 85ರಷ್ಟು ಬಾರಿ ಆದ್ಯತೆ ಸಿಕ್ಕಿತು. ಅದು ಅಮೆರಿಕದ ಹೆಸರುಗಳ ಪರೀಕ್ಷೆ. ನಮ್ಮ ಹೆಸರುಗಳಿಗೆ ಆ ಪರೀಕ್ಷೆಯನ್ನು ತಂತ್ರಾಂಶ ಕೊಳ್ಳುವ ಕಂಪನಿ ಒಂದು ಮಧ್ಯಾಹ್ನದಲ್ಲಿ ಮಾಡಬಹುದು. ನಾಲ್ಕೈದು ಒಳ್ಳೆಯ ರೆಸ್ಯೂಮೆಗಳನ್ನು ಆರಿಸಿ, ಹೆಸರನ್ನೋ ಊರನ್ನೋ ಕಾಲೇಜನ್ನೋ ಒಂದೊಂದಾಗಿ ಬದಲಿಸಿ ಮತ್ತೆ ಮತ್ತೆ ಕೊಟ್ಟು, ಅಂಕ ಎಲ್ಲಿ ಜಾರುತ್ತದೆ ಎಂದು ನೋಡಿದರೆ ಸಾಕು. ಇದಕ್ಕೆ ತಜ್ಞರೇ ಬೇಕೆಂದಿಲ್ಲ.

ಒಂದು ಸಣ್ಣ ಲೆಕ್ಕ

ಪಕ್ಷಪಾತವನ್ನು ಅಳೆಯಲು 1978ರಿಂದ ಅಮೆರಿಕದಲ್ಲಿ ಬಳಕೆಯಲ್ಲಿರುವ ಒಂದು ಸರಳ ಮಾನದಂಡವಿದೆ. ಅತಿ ಹೆಚ್ಚು ಆಯ್ಕೆಯಾದ ಗುಂಪಿನ ಆಯ್ಕೆಯ ಪ್ರಮಾಣಕ್ಕೆ ಹೋಲಿಸಿದಾಗ ಬೇರೊಂದು ಗುಂಪಿನ ಪ್ರಮಾಣ ಐದರಲ್ಲಿ ನಾಲ್ಕು ಪಾಲಿಗಿಂತ, ಅಂದರೆ ಶೇಕಡಾ 80ಕ್ಕಿಂತ ಕಡಿಮೆಯಿದ್ದರೆ ಅಲ್ಲಿ ಏನೋ ಸರಿಯಿಲ್ಲ ಎಂದು ಶಂಕಿಸಬೇಕು. ಊಹೆಯ ಲೆಕ್ಕವೊಂದನ್ನು ಮಾಡೋಣ. ಒಂದು ಹುದ್ದೆಗೆ 150 ಗಂಡಸರು, 100 ಹೆಂಗಸರು ಅರ್ಜಿ ಹಾಕಿದ್ದಾರೆ. ಯಂತ್ರ 45 ಗಂಡಸರನ್ನು, 18 ಹೆಂಗಸರನ್ನು ಶಾರ್ಟ್‌ಲಿಸ್ಟ್ ಮಾಡಿದೆ. ಗಂಡಸರ ಪ್ರಮಾಣ ಶೇಕಡಾ 30, ಹೆಂಗಸರದು ಶೇಕಡಾ 18. ಹದಿನೆಂಟನ್ನು ಮೂವತ್ತರಿಂದ ಭಾಗಿಸಿದರೆ 0.6. ಅದು 0.8ಕ್ಕಿಂತ ಬಹಳ ಕಡಿಮೆ, ಆದ್ದರಿಂದ ಪಟ್ಟಿಯನ್ನು ಅಲ್ಲೇ ನಿಲ್ಲಿಸಿ ಕಾರಣ ಹುಡುಕಬೇಕು. ಕಾರಣ ನ್ಯಾಯವಾದದ್ದೇ ಇರಬಹುದು, ಇಲ್ಲದೆಯೂ ಇರಬಹುದು; ಹುಡುಕದೆ ಗೊತ್ತಾಗುವುದಿಲ್ಲ.

ಅರ್ಜಿದಾರರ ಸಂಖ್ಯೆ ಹತ್ತು, ಹನ್ನೆರಡು ಇದ್ದಾಗ ಈ ಲೆಕ್ಕ ಒಬ್ಬರ ಹೆಚ್ಚುಕಡಿಮೆಯಿಂದ ಮೇಲೆ ಕೆಳಗೆ ಹಾರುತ್ತದೆ, ಹಾಗಾಗಿ ಸಣ್ಣ ಕಂಪನಿಗಳು ಒಂದು ವರ್ಷದ ಎಲ್ಲ ಹುದ್ದೆಗಳನ್ನು ಒಟ್ಟಿಗೆ ಸೇರಿಸಿ ನೋಡುವುದು ಒಳ್ಳೆಯದು. ಇನ್ನೊಂದು ತೊಡಕು ನಮ್ಮ ದೇಶದ್ದೇ: ಖಾಸಗಿ ಕಂಪನಿಗಳು ಸಾಮಾನ್ಯವಾಗಿ ಅರ್ಜಿಯಲ್ಲಿ ಜಾತಿ ಕೇಳುವುದಿಲ್ಲ, ಕೇಳದಿರುವುದು ಸರಿಯೂ ಹೌದು, ಆದರೆ ಅದರಿಂದಾಗಿ ಜಾತಿಯ ಆಧಾರದ ಪಕ್ಷಪಾತವನ್ನು ನೇರವಾಗಿ ಅಳೆಯಲಾಗುವುದಿಲ್ಲ. ಸರ್ಕಾರಿ ಕಾಲೇಜೋ ಖಾಸಗಿಯೋ, ಕನ್ನಡ ಮಾಧ್ಯಮವೋ ಇಂಗ್ಲಿಷೋ, ನಗರದ ವಿಳಾಸವೋ ಹಳ್ಳಿಯದೋ ಎಂಬ ವಿಂಗಡಣೆಯಲ್ಲಿ ಇದೇ ಲೆಕ್ಕ ಮಾಡಿದರೆ ಬಹಳಷ್ಟು ತಿಳಿಯುತ್ತದೆ. ಕನ್ನಡ ಮಾಧ್ಯಮದಲ್ಲಿ ಓದಿದವರ ಪ್ರಮಾಣ ಅರ್ಜಿಯ ಹಂತದಲ್ಲಿ ಅರ್ಧದಷ್ಟಿದ್ದು ಶಾರ್ಟ್‌ಲಿಸ್ಟಿನಲ್ಲಿ ಹತ್ತರಲ್ಲಿ ಒಂದಾದರೆ, ಇಂಗ್ಲಿಷ್ ಅಗತ್ಯವೇ ಇಲ್ಲದ ಹುದ್ದೆಗೆ ಯಂತ್ರ ಇಂಗ್ಲಿಷಿಗೆ ಅಂಕ ಕೊಡುತ್ತಿರಬಹುದು.

ಮುಖ ನೋಡಿ, ದನಿ ಕೇಳಿ ಅಳೆಯುವುದು

ವಿಡಿಯೊ ಸಂದರ್ಶನದಲ್ಲಿ ಮುಖಭಾವ ನೋಡಿ ಆತ್ಮವಿಶ್ವಾಸ, ಪ್ರಾಮಾಣಿಕತೆಗಳನ್ನು ಅಳೆಯುತ್ತೇವೆ ಎನ್ನುವ ತಂತ್ರಾಂಶಗಳ ಬಗ್ಗೆ ನನ್ನ ಮಾತು ಚಿಕ್ಕದು: ಕೊಳ್ಳಬೇಡಿ. ಮುಖದ ಚಲನೆಯಿಂದ ಒಳಗಿನ ಭಾವವನ್ನು ನಂಬಿಕೆಯಿಂದ ಓದಬಹುದು ಎಂಬುದಕ್ಕೆ ಸಾಕಷ್ಟು ಆಧಾರವಿಲ್ಲ ಎಂದು ಮನೋವಿಜ್ಞಾನಿಗಳ ತಂಡವೊಂದು 2019ರಲ್ಲಿ ವಿಸ್ತಾರವಾದ ಪರಾಮರ್ಶೆಯ ನಂತರ ಹೇಳಿದೆ. ಈ ಕ್ಷೇತ್ರದ ದೊಡ್ಡ ಕಂಪನಿಯಾದ ಹೈರ್‌ವ್ಯೂ 2021ರಲ್ಲಿ ಮುಖ ವಿಶ್ಲೇಷಣೆಯನ್ನು ತಾನೇ ಕೈಬಿಟ್ಟಿದೆ. ಯುರೋಪ್ ಒಕ್ಕೂಟ 2025ರ ಫೆಬ್ರವರಿ 2ರಿಂದ ಕೆಲಸದ ಸ್ಥಳದಲ್ಲಿ ಭಾವ ಗುರುತಿಸುವ ವ್ಯವಸ್ಥೆಗಳನ್ನು, ವೈದ್ಯಕೀಯ ಮತ್ತು ಸುರಕ್ಷತೆಯ ಕಾರಣಗಳನ್ನು ಬಿಟ್ಟು, ನಿಷೇಧಿಸಿದೆ.

ದನಿಯ ವಿಷಯ ಇಷ್ಟು ಸರಳವಲ್ಲ, ಏಕೆಂದರೆ ಕಾಲ್ ಸೆಂಟರ್‌ನಂಥ ಕೆಲಸಕ್ಕೆ ಮಾತು ನಿಜಕ್ಕೂ ಬೇಕಾದ ಕೌಶಲ. ಆದರೆ ಯಂತ್ರ ಮಾತಿಗೆ ಅಂಕ ಕೊಡುವ ಮೊದಲು ಮಾತನ್ನು ಅಕ್ಷರಕ್ಕೆ ಇಳಿಸಿಕೊಳ್ಳಬೇಕು, ಮತ್ತು ಆ ಕೆಲಸ ಎಲ್ಲರ ಮಾತಿಗೂ ಒಂದೇ ರೀತಿ ಆಗುವುದಿಲ್ಲ. ಅಮೆರಿಕದ ಐದು ದೊಡ್ಡ ಕಂಪನಿಗಳ ಇಂಥ ವ್ಯವಸ್ಥೆಗಳನ್ನು ಪರೀಕ್ಷಿಸಿದ 2020ರ ಅಧ್ಯಯನದಲ್ಲಿ ಪದಗಳ ತಪ್ಪಿನ ಪ್ರಮಾಣ ಬಿಳಿಯರ ಮಾತಿಗೆ ಸರಾಸರಿ ಶೇಕಡಾ 19 ಇದ್ದರೆ ಕಪ್ಪು ಜನರ ಮಾತಿಗೆ ಶೇಕಡಾ 35 ಇತ್ತು. ಮಂಡ್ಯದ ಹಳ್ಳಿಯ ಹುಡುಗನ ಇಂಗ್ಲಿಷನ್ನು ಯಂತ್ರ ಎಷ್ಟು ಸರಿಯಾಗಿ ಕೇಳಿಸಿಕೊಳ್ಳುತ್ತದೆ ಎಂದು ಪರೀಕ್ಷಿಸದೆ, ಅದು ಕೊಟ್ಟ ಅಂಕವನ್ನು ಅವನ ಭಾಷೆಯ ಅಂಕವೆಂದು ತಿಳಿಯುವುದು ಅನ್ಯಾಯ. ಉಗ್ಗು ಇರುವವರು, ಶ್ರವಣದೋಷದಿಂದ ಮಾತಿನ ಲಯ ಬೇರೆಯಾಗಿರುವವರು ಇಂಥ ಪರೀಕ್ಷೆಯಲ್ಲಿ ಮೊದಲೇ ಸೋತಿರುತ್ತಾರೆ. 1965ರಲ್ಲಿ ಹುಟ್ಟಿದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯೇ ಮಾನಸಗಂಗೋತ್ರಿಯಲ್ಲಿ ಇರುವ ಊರು ನಮ್ಮದು. ಈ ವಿಷಯದಲ್ಲಿ ಸಲಹೆ ಕೇಳಲು ಮೈಸೂರಿನ ಕಂಪನಿಗಳು ದೂರ ಹೋಗಬೇಕಾಗಿಲ್ಲ. ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ 2016 ಖಾಸಗಿ ಸಂಸ್ಥೆಗಳೂ ಸಮಾನ ಅವಕಾಶ ನೀತಿಯನ್ನು ಪ್ರಕಟಿಸಬೇಕೆಂದು ಹೇಳುತ್ತದೆ. ಬೇರೆ ರೀತಿಯಲ್ಲಿ ಪರೀಕ್ಷೆ ತೆಗೆದುಕೊಳ್ಳುವ ಅವಕಾಶವನ್ನು ಅರ್ಜಿಯ ಮೊದಲ ಪುಟದಲ್ಲೇ, ಕೇಳಿಕೊಳ್ಳಲು ಸಂಕೋಚವಾಗದಂತೆ, ಕೊಡುವುದು ಆ ನೀತಿಯ ಭಾಗವಾಗಬೇಕು.

ಮನುಷ್ಯರ ಪರಿಶೀಲನೆ ಎಂಬ ಮಾತು

ಕೊನೆಯ ನಿರ್ಧಾರ ಮನುಷ್ಯರದೇ ಎಂದು ಪ್ರತಿಯೊಂದು ಕಂಪನಿಯೂ ಹೇಳುತ್ತದೆ. ಆದರೆ ಯಂತ್ರ 92 ಎಂದು ಅಂಕ ಕೊಟ್ಟ ಹೆಸರು ಮೇಲೆ, 41 ಕೊಟ್ಟದ್ದು ಕೆಳಗೆ ಇರುವ ಪಟ್ಟಿಯನ್ನು ಸಂಜೆ ಆರಕ್ಕೆ ನೋಡುವ ಅಧಿಕಾರಿ, ಕೆಳಗಿನ ಹೆಸರನ್ನು ತೆರೆದು ಓದುವುದು ಅಪರೂಪ. ಸಹಿ ಮನುಷ್ಯರದ್ದು, ನಿರ್ಧಾರ ಯಂತ್ರದ್ದು ಎಂಬ ಸ್ಥಿತಿ ಹೀಗೆ ತಾನಾಗಿಯೇ ಬಂದುಬಿಡುತ್ತದೆ. ಇದನ್ನು ತಡೆಯಲು ಎರಡು ಕ್ರಮಗಳು ಕೆಲಸಕ್ಕೆ ಬರುತ್ತವೆ. ಓದುವವರು ಯಂತ್ರದ ಅಂಕ ನೋಡುವ ಮೊದಲು ತಮ್ಮ ಅಭಿಪ್ರಾಯವನ್ನು ಬರೆದಿಡಬೇಕು. ಎಲ್ಲ ಅರ್ಜಿಗಳಿಗೆ ಇದು ಸಾಧ್ಯವಿಲ್ಲದಿದ್ದರೆ ಕೆಲವಕ್ಕಾದರೂ. ಮತ್ತು ಪ್ರತಿ ವಾರ ಯಂತ್ರ ಕೈಬಿಟ್ಟ ರಾಶಿಯಿಂದ ಕಣ್ಣುಮುಚ್ಚಿ ಒಂದಿಷ್ಟು ಅರ್ಜಿಗಳನ್ನು ಎತ್ತಿ, ಆ ಹುದ್ದೆಯ ಕೆಲಸ ಬಲ್ಲವರ ಕೈಯಲ್ಲಿ ಓದಿಸಬೇಕು. ಅವುಗಳಲ್ಲಿ ಕರೆಯಬಹುದಾಗಿದ್ದವು ಎಷ್ಟು ಎಂಬ ಲೆಕ್ಕ ತಿಂಗಳ ವರದಿಯಲ್ಲಿ ಕಾಣಬೇಕು. ಪರಿಶೀಲಿಸುವವರು ಯಂತ್ರದೊಂದಿಗೆ ಎಷ್ಟು ಬಾರಿ ಭಿನ್ನಾಭಿಪ್ರಾಯ ಹೊಂದಿದ್ದಾರೆ ಎಂಬ ಸಂಖ್ಯೆಯೂ ಅಷ್ಟೇ ಮುಖ್ಯ. ಆ ಸಂಖ್ಯೆ ತಿಂಗಳುಗಟ್ಟಲೆ ಸೊನ್ನೆಯಾಗಿದ್ದರೆ ಅಲ್ಲಿ ಪರಿಶೀಲನೆ ನಡೆಯುತ್ತಿಲ್ಲ ಎಂದೇ ತಿಳಿಯಬೇಕು.

ತಂತ್ರಾಂಶವನ್ನು ಕೊಳ್ಳುವ ಮೊದಲು ಕಂಪನಿ ತನ್ನದೇ ಹಳೆಯ ಅರ್ಜಿಗಳ ಮೇಲೆ ಅದನ್ನು ಓಡಿಸಿ ನೋಡಬೇಕು, ಹೆಸರು ಮತ್ತು ಫೋನ್ ಸಂಖ್ಯೆಗಳನ್ನು ಅಳಿಸಿ. ಇಂದು ನಿಮ್ಮಲ್ಲಿ ಚೆನ್ನಾಗಿ ಕೆಲಸ ಮಾಡುತ್ತಿರುವ ಹತ್ತು ಜನರ ಹಳೆಯ ಅರ್ಜಿಗಳನ್ನು ಆ ರಾಶಿಯಲ್ಲಿ ಸೇರಿಸಿ. ಅವರಲ್ಲಿ ಅರ್ಧದಷ್ಟು ಜನರನ್ನು ಅದು ಕೈಬಿಟ್ಟರೆ ಮಾರಾಟಗಾರರ ಮಾತಿಗಿಂತ ಆ ಫಲಿತಾಂಶವನ್ನು ನಂಬಿ. ತಪ್ಪಾದರೆ ಹೊಣೆ ಯಾರದು, ಅಂಕ ಹೇಗೆ ಬಂತೆಂಬ ದಾಖಲೆ ಎಷ್ಟು ಕಾಲ ಸಿಗುತ್ತದೆ, ನಮ್ಮ ಅರ್ಜಿದಾರರ ದತ್ತಾಂಶದಿಂದ ನೀವು ನಿಮ್ಮ ಯಂತ್ರಕ್ಕೆ ತರಬೇತಿ ಕೊಡುತ್ತೀರಾ ಎಂಬ ಪ್ರಶ್ನೆಗಳಿಗೆ ಉತ್ತರ ಕರಾರಿನಲ್ಲೇ ಲಿಖಿತವಾಗಿ ಇರಬೇಕು. ಅಮೆರಿಕದಲ್ಲಿ ನೇಮಕಾತಿ ತಂತ್ರಾಂಶ ಒದಗಿಸುವ ವರ್ಕ್‌ಡೇ ಕಂಪನಿಯ ವಿರುದ್ಧ ನಡೆಯುತ್ತಿರುವ ದಾವೆಯಲ್ಲಿ, ತಂತ್ರಾಂಶ ಒದಗಿಸಿದವರನ್ನೂ ಉದ್ಯೋಗದಾತರ ಪ್ರತಿನಿಧಿಗಳೆಂದು ಹೊಣೆಯಾಗಿಸಬಹುದೇ ಎಂಬ ಪ್ರಶ್ನೆಯನ್ನು ನ್ಯಾಯಾಲಯ 2024ರಲ್ಲಿ ವಿಚಾರಣೆಗೆ ಒಪ್ಪಿಕೊಂಡಿತು. 2025ರ ಮೇ ತಿಂಗಳಲ್ಲಿ 40 ದಾಟಿದ ಅರ್ಜಿದಾರರು ಒಟ್ಟಾಗಿ ದಾವೆ ಮುಂದುವರಿಸಲು ಪ್ರಾಥಮಿಕ ಅನುಮತಿ ಕೊಟ್ಟಿತು. ಆದರೆ ಇದರಿಂದ ಉದ್ಯೋಗದಾತರ ಹೊಣೆ ಕಡಿಮೆಯಾಗುವುದಿಲ್ಲ.

ಕಾನೂನು ಎಲ್ಲಿದೆ

ನ್ಯೂಯಾರ್ಕ್ ನಗರ 2023ರ ಜುಲೈ 5ರಿಂದ, ಇಂಥ ತಂತ್ರಾಂಶ ಬಳಸುವ ಉದ್ಯೋಗದಾತರು ವರ್ಷಕ್ಕೊಮ್ಮೆ ಸ್ವತಂತ್ರ ಪರಿಶೋಧಕರಿಂದ ಪಕ್ಷಪಾತದ ತಪಾಸಣೆ ಮಾಡಿಸಿ ಫಲಿತಾಂಶದ ಸಾರಾಂಶವನ್ನು ಪ್ರಕಟಿಸಬೇಕು, ಅಭ್ಯರ್ಥಿಗಳಿಗೆ ಮುಂಚಿತವಾಗಿ ತಿಳಿಸಬೇಕು ಎಂಬ ಕಾನೂನನ್ನು ಜಾರಿ ಮಾಡುತ್ತಿದೆ. ಯುರೋಪ್ ಒಕ್ಕೂಟದ 2024ರ ಕೃತಕ ಬುದ್ಧಿಮತ್ತೆ ಕಾಯ್ದೆ ನೇಮಕಾತಿಯನ್ನು ಹೆಚ್ಚು ಅಪಾಯದ ಬಳಕೆಗಳ ಪಟ್ಟಿಯಲ್ಲಿ ಇಟ್ಟಿದೆ. ಭಾರತದಲ್ಲಿ ನೇಮಕಾತಿಯ ಕೃತಕ ಬುದ್ಧಿಮತ್ತೆಗೆಂದೇ ಪ್ರತ್ಯೇಕ ಕಾನೂನು ಇಲ್ಲ, ಆದರೆ ಕಾನೂನೇ ಇಲ್ಲ ಎಂದಲ್ಲ. 2025ರ ನವೆಂಬರ್ 21ರಿಂದ ಜಾರಿಯಲ್ಲಿರುವ ವೇತನ ಸಂಹಿತೆ ನೇಮಕಾತಿಯಲ್ಲಿ ಲಿಂಗ ತಾರತಮ್ಯವನ್ನು ನಿಷೇಧಿಸುತ್ತದೆ. ತಾರತಮ್ಯ ಮಾಡಿದ್ದು ಗುಮಾಸ್ತರೋ ತಂತ್ರಾಂಶವೋ ಎಂದು ಅದು ಭೇದ ಎಣಿಸುವುದಿಲ್ಲ.

ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮ 2023ರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿದ್ದು, ಮುಖ್ಯ ಕರ್ತವ್ಯಗಳಿಗೆ ಹದಿನೆಂಟು ತಿಂಗಳ ಕಾಲಾವಕಾಶ ಕೊಡಲಾಗಿದೆ. ಯಾವುದಕ್ಕಾಗಿ ದತ್ತಾಂಶ ಪಡೆಯುತ್ತಿದ್ದೇವೆ ಎಂದು ತಿಳಿಸಿ ಒಪ್ಪಿಗೆ ಪಡೆಯಬೇಕು. ಆ ತಿಳಿವಳಿಕೆಯನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೆಯ ಅನುಸೂಚಿಯ ಭಾಷೆಗಳಲ್ಲಿ, ಅಂದರೆ ಕನ್ನಡದಲ್ಲೂ, ಓದುವ ಆಯ್ಕೆ ವ್ಯಕ್ತಿಗೆ ಇರಬೇಕು. ಒಬ್ಬರ ಮೇಲೆ ಪರಿಣಾಮ ಬೀರುವ ನಿರ್ಧಾರಕ್ಕೆ ಅವರ ದತ್ತಾಂಶ ಬಳಸುವುದಾದರೆ ಅದು ಪೂರ್ಣವಾಗಿ, ನಿಖರವಾಗಿ ಇರುವಂತೆ ನೋಡಿಕೊಳ್ಳುವುದೂ ಕಾನೂನಿನ ಕರ್ತವ್ಯ. ಸುಮಾಳ ಹೆಸರನ್ನು ಮೂರು ತುಂಡು ಮಾಡಿದ ತಂತ್ರಾಂಶ ಈ ಕಡೆಯಿಂದಲೂ ತಪ್ಪಿತಸ್ಥವಾಗುತ್ತದೆ. ಸಾಕಷ್ಟು ಭದ್ರತೆ ಇಲ್ಲದೆ ದತ್ತಾಂಶ ಸೋರಿದರೆ ದಂಡ 250 ಕೋಟಿ ರೂಪಾಯಿಯವರೆಗೆ ಹೋಗಬಹುದು. ಬೇಗ ಮುಗಿಯಲೆಂದು ರೆಸ್ಯೂಮೆಗಳ ಕಟ್ಟನ್ನೇ ಯಾವುದೋ ಉಚಿತ ಚಾಟ್‌ಬಾಟ್‌ಗೆ ಸುರಿಯುವ ಅಭ್ಯಾಸವನ್ನು ಇಂದೇ ನಿಲ್ಲಿಸಲು ಇಷ್ಟು ಸಾಕು. ಆ ಕಟ್ಟಿನಲ್ಲಿ ಜನರ ಫೋನ್ ಸಂಖ್ಯೆ, ವಿಳಾಸ, ಹುಟ್ಟಿದ ದಿನಾಂಕ ಎಲ್ಲವೂ ಇರುತ್ತದೆ.

ಕೆಲಸಕ್ಕೆ ಸೇರಿದ ಮೇಲೂ ಇದೇ ಯಂತ್ರಗಳು ಬೆನ್ನಿಗಿರುತ್ತವೆ: ಯಾರು ಕೆಲಸ ಬಿಡಬಹುದು ಎಂದು ಊಹಿಸಲು, ಪಾಳಿ ಹಂಚಲು, ಬಡ್ತಿಗೆ ಅಂಕ ಕೊಡಲು. ಮದ್ದೂರು, ಶ್ರೀರಂಗಪಟ್ಟಣಗಳ ಸುತ್ತಿನ ಗಾರ್ಮೆಂಟ್ಸ್‌ಗಳಿಗೆ ಹಳ್ಳಿಗಳಿಂದ ಕಂಪನಿ ವ್ಯಾನಿನಲ್ಲಿ ಬರುವ ಹೆಣ್ಣುಮಕ್ಕಳ ಹಾಜರಿಯನ್ನು ನೋಡಿ, ಇವರು ಬಿಟ್ಟು ಹೋಗುವವರು ಎಂದು ಯಂತ್ರ ಗುರುತು ಹಾಕಿದರೆ, ವ್ಯಾನ್ ತಡವಾದ ದಿನಗಳು, ಮಗುವಿಗೆ ಜ್ವರ ಬಂದ ದಿನಗಳು ಆ ಲೆಕ್ಕದಲ್ಲಿ ಎಲ್ಲಿಯೂ ಇರುವುದಿಲ್ಲ. ಅಂಥ ಊಹೆಯನ್ನು ವ್ಯಾನಿನ ಸಮಯ ಸರಿಪಡಿಸಲು ಬಳಸಿದರೆ ಅದು ಒಳ್ಳೆಯ ಬಳಕೆ. ಬಡ್ತಿ ತಪ್ಪಿಸಲು ಬಳಸಿದರೆ ಕೆಟ್ಟದ್ದು. ಯಂತ್ರ ಎರಡಕ್ಕೂ ಒಂದೇ ಅಂಕ ಕೊಡುತ್ತದೆ.

ಇನ್ನು ಅರ್ಜಿದಾರರಿಗೆ ಏನು ಹೇಳಬೇಕು ಎಂಬುದು. ಜಾಹೀರಾತಿನಲ್ಲೇ ಮೂರು ವಾಕ್ಯಗಳು ಸಾಕು: ನಿಮ್ಮ ಅರ್ಜಿಯನ್ನು ಮೊದಲ ಹಂತದಲ್ಲಿ ತಂತ್ರಾಂಶ ಪರಿಶೀಲಿಸುತ್ತದೆ, ಅದು ನೋಡುವುದು ನಿಮ್ಮ ವಿದ್ಯಾರ್ಹತೆ, ಅನುಭವ ಮತ್ತು ಈ ಕೆಳಗಿನ ಕೌಶಲಗಳನ್ನು, ನಿಮ್ಮ ಅರ್ಜಿಯನ್ನು ವ್ಯಕ್ತಿಯೊಬ್ಬರು ಮತ್ತೆ ಓದಬೇಕೆಂದು ನೀವು ಬಯಸಿದರೆ ಇಷ್ಟು ದಿನಗಳೊಳಗೆ ಈ ಸಂಖ್ಯೆಗೆ ತಿಳಿಸಿ. ಇದು ಕನ್ನಡದಲ್ಲಿರಬೇಕು, ಮತ್ತು ಕಂಪನಿಯ ಗೇಟಿನ ಬಳಿ ಹಚ್ಚುವ ಕಾಗದದಲ್ಲೂ ಇರಬೇಕು, ಏಕೆಂದರೆ ವಾಕ್‌-ಇನ್‌ಗೆ ಬರುವ ಎಷ್ಟೋ ಜನ ಜಾಹೀರಾತನ್ನು ಓದುವುದು ಅಲ್ಲೇ. ಆ ಸಂಖ್ಯೆಗೆ ಕರೆ ಬಂದಾಗ ಎತ್ತುವವರಿಗೆ ಆ ಅರ್ಜಿಯನ್ನೂ ಯಂತ್ರ ಕೊಟ್ಟ ಅಂಕವನ್ನೂ ತೆರೆದು ನೋಡುವ ಅನುಮತಿ ಇರಬೇಕು, ತಪ್ಪು ಕಂಡರೆ ಮೇಲಿನವರ ಒಪ್ಪಿಗೆಗೆ ಕಾಯದೆ ಅರ್ಜಿಯನ್ನು ಪಟ್ಟಿಗೆ ಮರಳಿ ಸೇರಿಸುವ ಅಧಿಕಾರ ಇರಬೇಕು, ಮತ್ತು ಅದು ಆ ಹುದ್ದೆಯ ಸಂದರ್ಶನಗಳು ಮುಗಿಯುವ ಮೊದಲು ಆಗಬೇಕು.